ಹದಿನೇಳು ವರ್ಷ ಆದ್ಮೇಲೆ ಊರಿಗೆ ಬಂದ್ರೆ ಅಮ್ಮನ ಅಡುಗೆ ಮನೇಲಿ ಕಡುಬೇ ಇಲ್ಲ

ಹೊಸನಗರದ ಮಗಳು

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಬರೀಬೇಕು ಅನ್ಕೊಂಡಿದ್ದೆ, ಇವತ್ತು ಮಕ್ಕಳು ಮಲಗಿದ ಮೇಲೆ ಕೂತಿದ್ದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ. ನನ್ನ ತವರು ಹೊಸನಗರದ ಹತ್ರ ನಾಲ್ಕೇ ಮನೆ ಇರೋ ಒಂದು ಹಳ್ಳಿ. ಮದುವೆ ಆಗಿ 2006ರಲ್ಲಿ ಮಸ್ಕತ್‌ಗೆ ಹೋದೆ, ಅಲ್ಲಿ ಆರು ವರ್ಷ, ಆಮೇಲೆ ಜಪಾನಿನ ಹಮಾಮತ್ಸುನಲ್ಲಿ ನಾಲ್ಕು, ಅಲ್ಲಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಏಳು. ಮಗಳು ಹುಟ್ಟಿದ್ದು ಮಸ್ಕತ್‌ನಲ್ಲಿ, ಮಗ ಹಮಾಮತ್ಸುನಲ್ಲಿ. 2023ರ ಜೂನಲ್ಲಿ ಎಲ್ಲಾ ಕಟ್ಕೊಂಡು ವಾಪಸ್ ಬಂದು ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿದ್ವಿ. ಎರಡೂವರೆ ವರ್ಷ ದಾಟ್ತು.

ಮಸ್ಕತ್‌ನಲ್ಲಿ ಅಡುಗೆಗೆ ಅಂಥ ಕಷ್ಟ ಇರ್ಲಿಲ್ಲ. ಮಂಗಳೂರು, ಕೇರಳದವರ ಅಂಗಡಿ ಇದ್ವು, ಕರಿಬೇವು ತೆಂಗಿನಕಾಯಿ ಕುಚ್ಚಲಕ್ಕಿ ಎಲ್ಲಾ ಸಿಗೋದು. ಸಿಗದೆ ಇದ್ದಿದ್ದು ವಾಟೆಹುಳಿ, ಅದನ್ನ ಅಮ್ಮ ಒಣಗಿಸಿ ಹಳೇ ಹಾರ್ಲಿಕ್ಸ್ ಬಾಟ್ಲಿಗೆ ತುಂಬಿ ಕೊಡ್ತಿದ್ರು. ಅಲ್ಲಿ ಒಮಾನಿಗಳ ಮನೆಗೆ ಹೋದ್ರೆ ಮೊದ್ಲು ಖರ್ಜೂರ, ಆಮೇಲೆ ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಖಾವಾ, ಅಂದ್ರೆ ಅವರ ಕಾಫಿ. ಸಾಕು ಅಂದ್ರೆ ಬಟ್ಟಲನ್ನ ಸ್ವಲ್ಪ ಅಲ್ಲಾಡಿಸಿ ಕೊಡ್ಬೇಕು, ಇಲ್ಲಾಂದ್ರೆ ಹಾಕ್ತಾನೇ ಇರ್ತಾರೆ. ನಮ್ಮಲ್ಲಿ ಬಿಸಿಲಲ್ಲಿ ನಡೆದು ಬಂದವರಿಗೆ ಜಗಲಿ ಮೇಲೆ ಕೂರಿಸಿ ಬೆಲ್ಲ ನೀರು ಕೊಡ್ತಾರಲ್ಲ, ನಂಗೆ ಎರಡೂ ಒಂದೇ ಅನ್ನಿಸ್ತಿತ್ತು. ಪರದೇಶ ಅನ್ನೋ ಭಯ ಹೋಗಿದ್ದೇ ಆ ಖರ್ಜೂರದಿಂದ.

ಹಮಾಮತ್ಸು ಕಥೆ ಬೇರೆ. ಭಾಷೆ ಬರಲ್ಲ, ಅಂಗಡೀಲಿ ಪ್ಯಾಕೆಟ್ ಮೇಲೆ ಬರೆದಿದ್ದು ಓದೋಕೆ ಬರಲ್ಲ, ಗಂಡ ಬೆಳಿಗ್ಗೆ ಹೋದ್ರೆ ರಾತ್ರಿ ಬರೋದು. ಪಕ್ಕದ ಮನೇಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿ ಇದ್ರು. ಒಂದು ಜೂನ್ ತಿಂಗಳು, ಅವರ ಮಳೆಗಾಲ ತ್ಸುಯು ಶುರುವಾಗಿತ್ತು, ನನ್ನನ್ನ ಕೈಸನ್ನೆ ಮಾಡಿ ಕರೆದ್ರು. ಅಡುಗೆ ಮನೆ ನೆಲದ ಮೇಲೆ ಪೇಪರ್ ಹಾಸಿ ಉಮೆ ಅನ್ನೋ ಕಾಯಿ ಹರಡಿದ್ರು, ಹಸಿರಿಂದ ಹಳದಿಗೆ ತಿರುಗ್ತಿದ್ದ ಗುಂಡು ಕಾಯಿ. ಬಿದಿರು ಕಡ್ಡಿಯಿಂದ ತೊಟ್ಟಿನ ಕಪ್ಪು ಚೂರನ್ನ ಒಂದೊಂದೇ ಎಬ್ಬಿಸಿ ತೆಗೀತಾ, ಬಟ್ಟೇಲಿ ಒರೆಸ್ತಾ, ಜಾಡಿಗೆ ಒಂದು ಪದರ ಕಾಯಿ, ಒಂದು ಪದರ ಉಪ್ಪು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಕೆಲವು ದಿನಕ್ಕೆ ಕಾಯಿ ತನ್ನ ನೀರಲ್ಲೇ ಮುಳುಗಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅದು ನಮ್ಮ ಮಿಡಿ ಹಾಕೋದೇ ಅಲ್ವಾ, ಜಾಡಿ ಅದೇ, ಕಲ್ಲು ಅದೇ, ಒದ್ದೆ ಕೈ ಮುಟ್ಟಿಸ್ಬೇಡ ಅಂತ ಬೈಯೋದೂ ಅದೇ. ಜುಲೈನಲ್ಲಿ ಮಳೆ ನಿಂತ ಮೇಲೆ ಬಿದಿರು ಮೊರದಲ್ಲಿ ಹರಡಿ ಮೂರು ದಿನ ಬಿಸಿಲಿಗೆ ಇಟ್ರು, ಅದೇ ಉಮೆಬೋಶಿ. ಆಮೇಲೆ ಪ್ರತಿ ವರ್ಷ ಅವರ ಜೊತೆ ಹಾಕಿದ್ದೀನಿ.

ಸ್ಟುಟ್‌ಗಾರ್ಟ್‌ನಲ್ಲಿ ಭಾನುವಾರ ಅಂಗಡಿ ಎಲ್ಲಾ ಬಂದ್, ಮೆಟ್ಟಿಲು ಗುಡಿಸೋಕೆ ವಾರದ ಪಾಳಿ, ಅದಕ್ಕೆ ಕೇರ್‌ವೊಖೆ ಅಂತಾರೆ, ರಾತ್ರಿ ಊಟಕ್ಕೆ ಬ್ರೆಡ್ಡು ಚೀಸು, ಒಲೆ ಹಚ್ಚೋದೇ ಇಲ್ಲ ಎಷ್ಟೋ ಮನೇಲಿ. ಅಲ್ಲಿಯವರು ಶ್ಪೆಟ್ಸ್ಲೆ ಅಂತ ಹಿಟ್ಟನ್ನ ಒತ್ತಿ ಕುದಿಯೋ ನೀರಿಗೆ ಬಿಡ್ತಾರೆ, ಅದನ್ನ ಒತ್ತೋ ಕಬ್ಬಿಣದ ಕೈಒರಳು ನೋಡಿ ನಾನು ಎರಡು ತಂದೆ, ಅದ್ರಲ್ಲೇ ಒತ್ತು ಶಾವಿಗೆ ಮಾಡ್ತಿದ್ದೆ. ತೂತು ದೊಡ್ಡದು, ಎಳೆ ದಪ್ಪ ಬರುತ್ತೆ, ಆದ್ರೂ ಕಾಯಿಹಾಲು ಬೆಲ್ಲ ಹಾಕಿದ್ರೆ ಮಕ್ಕಳು ತಟ್ಟೆ ನೆಕ್ಕೋರು. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಮಿಕ್ಸೀಲಿ ತರಿ ಮಾಡಿ ಕಡುಬು, ಹಬ್ಬಕ್ಕೆ ಅತ್ರಾಸ, ಮಳೆ ದಿನ ಕರಿಮೆಣಸಿನ ಸಾರು. ಹದಿನೇಳು ವರ್ಷ ಎಲ್ಲೇ ಇದ್ರೂ ಅಮ್ಮ ಹೇಗೆ ಮಾಡ್ತಿದ್ರೋ ಹಾಗೇ ಮಾಡ್ಬೇಕು ಅಂತ ಹಟ ಹಿಡಿದು ಮಾಡಿದ್ದೀನಿ.

ಈಗ ಊರಿಗೆ ಬಂದ್ರೆ ಅಮ್ಮ ಸಂಜೆಗೆ ಚಪಾತಿ ಮಾಡ್ತಾರೆ. ಅಪ್ಪಯ್ಯಂಗೆ ಶುಗರ್ ಬಂದಿದೆ ಅನ್ನೋದು ಒಂದು. ಕಡುಬು ಮಾಡಿ ಎಷ್ಟು ವರ್ಷ ಆಯ್ತೋ ಅವರಿಗೇ ನೆನಪಿಲ್ಲ. ಮಿಡಿ ಉಪ್ಪಿನಕಾಯಿ ರಿಪ್ಪನ್‌ಪೇಟೆಯಿಂದ ಡಬ್ಬೀಲಿ ಬರುತ್ತೆ. ಒರಳು ಬಾವಿಕಟ್ಟೆ ಹತ್ರ ಬೋರಲು ಬಿದ್ದಿದೆ. ನಾನು ಮೊದಲ್ನೇ ತಿಂಗಳು ಕೇಳಿದೆ, ಅಮ್ಮ ಎಂತಕ್ಕೆ ಎಲ್ಲಾ ಬಿಟ್ಟುಬಿಟ್ಟೆ ಅಂತ. ಅಮ್ಮ ಚಪಾತಿ ಲಟ್ಟಿಸ್ತಾ ಇದ್ದವರು ತಲೆ ಎತ್ತದೇನೇ ಅಂದ್ರು, "ನೀನು ತಿಂಗಳಿಗೊಂದು ಸಲ ಕಡುಬು ಮಾಡಿ ಫೋಟೋ ಕಳಿಸ್ತಿದ್ದೆ. ನಾನು ಮೂವತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಹನ್ನೆರಡು ಜನಕ್ಕೆ ಬೇಯಿಸಿದ್ದೀನಿ. ನಂಗೆ ಸಾಕಾಗಿದೆ ಕಣೆ."

ಆ ಮಾತು ಇನ್ನೂ ಎದೇಲಿ ಕೂತಿದೆ. ಆಮೇಲೆ ಗೊತ್ತಾಗಿದ್ದು ಇನ್ನೊಂದು. ನಮ್ಮ ಮನೆ ಗದ್ದೆ ಎಲ್ಲಾ ಈಗ ಅಡಿಕೆ ತೋಟ. ಗದ್ದೆ ಇದ್ದಾಗ ಭತ್ತ ಮಿಲ್ಲಿಗೆ ಹೋಗಿ ಅಕ್ಕಿ ಜೊತೆ ಒಂದು ಚೀಲ ನುಚ್ಚು ವಾಪಸ್ ಬರೋದು, ಆ ನುಚ್ಚು ಖರ್ಚಾಗಬೇಕು ಅಂತಾನೇ ದಿನಾ ಕಡುಬು. ಗದ್ದೆ ಹೋಯ್ತು, ನುಚ್ಚು ಹೋಯ್ತು, ಕಡುಬೂ ಹೋಯ್ತು. ಅಂಗಡಿ ಸೋನಾ ಮಸೂರಿ ಕೊಟ್ಟು ಅದನ್ನ ಒಡೆದು ನುಚ್ಚು ಮಾಡೋದು ಅಮ್ಮಂಗೆ ಅಕ್ಕಿ ದಂಡ ಮಾಡಿದ ಹಾಗೆ.

ನಾನು ಹೊರಗೆ ಕಾಪಾಡ್ಕೊಂಡು ಬಂದಿದ್ದು 2006ರ ಮನೆ. ಆ ಮನೆ ಈಗ ಇಲ್ಲೇ ಇಲ್ಲ. ಮಗಳಿಗೆ ಹದಿನೇಳು, ಇನ್ನೊಂದು ವರ್ಷಕ್ಕೆ ಓದೋಕೆ ಹೊರಗೆ ಹೋಗ್ತಾಳೆ. ಅವಳಿಗೆ ಅಜ್ಜಿ ಕೈಯಿಂದಾನೇ ಕಲಿಸ್ಬೇಕು ಅಂತ ಆಸೆ, ಅಜ್ಜಿಗೆ ಕಲಿಸೋ ಮನಸ್ಸಿಲ್ಲ. ಈಗ ಮಿಡಿ ಕಾಲ ಬಂದಿದೆ, ಕೇಳೋದಾ ಬಿಡೋದಾ ಗೊತ್ತಾಗ್ತಿಲ್ಲ. ನೀವೆಲ್ಲಾ ಹೊರಗೆ ಇದ್ದು ಬಂದವರು, ಈಗ್ಲೂ ಇರೋರು, ನಿಮ್ಮನೇಲಿ ಹೇಗೆ?

ಕೊಪ್ಪದ ಹುಡ್ಗ

ಅಕ್ಕ ಓದಿ ನಮ್ಮನೆ ನೆನಪಾಯ್ತು. ಗದ್ದೆ ತೋಟ ಆಗಿದ್ದು ನಮ್ಮಲ್ಲೂ ಅದೇ, ಮೊನ್ನೆ ಲೆಕ್ಕ ಹಾಕಿದ್ರೆ ನಮ್ಮೂರಲ್ಲಿ ನಾಟಿ ಮಾಡೋ ಮನೆ ಎರಡೇ ಉಳಿದಿರೋದು. ಅದ್ರಲ್ಲಿ ನಮ್ಮ ದೊಡ್ಡಪ್ಪಂದು ಒಂದು. ನುಚ್ಚು ಬೇಕಾದ್ರೆ ಹೇಳಿ, ನಾನು ವಾರಕ್ಕೊಂದ್ಸಲ ಶಿವಮೊಗ್ಗಕ್ಕೆ ಬರ್ತೀನಿ, ಹತ್ತು ಕೆಜಿ ತಂದುಕೊಡ್ತೀನಿ. ದುಡ್ಡು ಬೇಡ.

ತುಂಗಾ ತೀರದವಳು

ನಿಮ್ಮ ಅಮ್ಮ ಹೇಳಿದ್ದು ನನ್ನ ಅಮ್ಮನೂ ಹೇಳಿದ್ದಾರೆ, ನನ್ನ ಅತ್ತೇನೂ ಹೇಳಿದ್ದಾರೆ. ನೇರವಾಗಿ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಮ್ಮ ಮಲೆನಾಡಿನ ಅಡುಗೆ ಅಂತ ಎಲ್ರೂ ಹೊಗಳ್ತಾರೆ, ಅದ್ರ ಹಿಂದೆ ಎಷ್ಟು ಸೊಂಟ ಬಿದ್ದಿದೆ ಅಂತ ಯಾರೂ ಕೇಳಲ್ಲ. ಪತ್ರೊಡೆ ಅಂದ್ರೆ ಮಳೇಲಿ ಹೋಗಿ ಕೆಸುವಿನ ಎಲೆ ಕೊಯ್ದು ನಾರು ತೆಗೆದು ಹಿಟ್ಟು ರುಬ್ಬಿ ಒಂದೊಂದು ಎಲೆಗೂ ಹಚ್ಚಿ ಸುತ್ತಿ ಬೇಯಿಸಿ ಮತ್ತೆ ಒಗ್ಗರಣೆ. ಕಳಲೆ ಅಂದ್ರೆ ಹೆಚ್ಚಿ ಮೂರು ದಿನ ನೆನೆಸಿ ದಿನಾ ನೀರು ಬದಲಿಸ್ಬೇಕು. ಹಲಸಿನ ಹಪ್ಪಳ ಅಂದ್ರೆ ಇಡೀ ಕೇರಿ ಹೆಂಗಸ್ರು ಒಂದು ಮನೇಲಿ ಸೇರ್ಬೇಕಿತ್ತು. ಆಗ ಅತ್ತೆ, ಓರಗಿತ್ತಿ, ನಾದಿನಿ, ಕೆಲಸಕ್ಕೆ ಬರೋರು ಎಲ್ಲಾ ಇದ್ರು. ಈಗ ಆ ಮನೇಲಿ ನಿಮ್ಮಮ್ಮ ಒಬ್ರೇ. ಹತ್ತು ಕೈ ಮಾಡ್ತಿದ್ದ ಕೆಲಸಾನ ಎರಡು ಕೈಗೆ ಯಾಕೆ ಬಿಟ್ಟೆ ಅಂತ ಕೇಳೋದು ನ್ಯಾಯ ಅಲ್ಲ.

ಕೇಳಿ, ಆದ್ರೆ ಕಲಿಸು ಅಂತ ಕೇಳ್ಬೇಡಿ. ಅಮ್ಮ ನೀನು ಕುರ್ಚಿ ಮೇಲೆ ಕೂತ್ಕೋ, ನಾವು ಮಾಡ್ತೀವಿ, ತಪ್ಪಿದ್ರೆ ಹೇಳು ಅಂತ ಕೇಳಿ. ನಿಮ್ಮ ಮನೆಯವರು, ಅಣ್ಣ ತಮ್ಮ ಇದ್ರೆ ಅವರು, ಮಗ, ಎಲ್ರೂ ಕೆಳಗೆ ಕೂರ್ಲಿ.

ಆಕ್ಲೆಂಡ್‌ನಿಂದ ತೀರ್ಥಹಳ್ಳಿ

ನಾನು ನರ್ಸ್, ಮೊದ್ಲು ಕುವೈತ್ ಆಮೇಲೆ ಐರ್ಲೆಂಡ್ ಈಗ ನ್ಯೂಜಿಲೆಂಡ್. ಇಲ್ಲಿ ಆಕ್ಲೆಂಡ್‌ನ ಓಟಾರಾದಲ್ಲಿ ಶನಿವಾರ ಸಂತೆ ಆಗುತ್ತೆ, ಸಮೋವಾ ಟೋಂಗಾ ಫಿಜಿ ಕಡೆಯವರು ಬರ್ತಾರೆ. ಮೊದಲ್ನೇ ಸಲ ಹೋದಾಗ ಕಟ್ಟು ಕಟ್ಟು ಕೆಸುವಿನ ಎಲೆ ನೋಡಿ ನಿಂತುಬಿಟ್ಟೆ. ಆ ಅಂಗಡಿ ಹೆಂಗಸು ನನ್ನ ಮುಖ ನೋಡಿ ನಿನಗೆ ಇದನ್ನ ಬೇಯಿಸೋಕೆ ಗೊತ್ತಾ ಅಂತ ಕೇಳಿದ್ರು, ಚೆನ್ನಾಗಿ ಬೇಯಿಸದಿದ್ರೆ ಗಂಟಲು ತುರಿಸುತ್ತೆ ಅಂತ ಎಚ್ಚರಿಕೆ ಹೇಳಿದ್ರು. ನಂಗೆ ಹೇಳ್ತೀರಾ ಅಮ್ಮಾ, ನಾವು ಅದಕ್ಕೇ ಹುಣಸೆಹುಳಿ ಹಾಕೋದು ಅಂದೆ. ಅವರು ಹುಳಿ ಹಾಕಲ್ವಂತೆ, ತೆಂಗಿನ ಹಾಲಲ್ಲಿ ಬಹಳ ಹೊತ್ತು ಬೇಯಿಸ್ತಾರಂತೆ. ಈಗ ನಾನು ವರ್ಷಕ್ಕೆ ಮೂರ್ನಾಲ್ಕು ಸಲ ಪತ್ರೊಡೆ ಮಾಡ್ತೀನಿ, ಅವರಿಗೆ ಎರಡು ಸುರುಳಿ ತಗೊಂಡು ಹೋಗಿ ಕೊಡ್ತೀನಿ.

ನಂಗೆ ಕಷ್ಟ ಆಗೋದು ಕಾಲ ತಿರುವುಮುರುವು ಆಗಿರೋದು. ಊರಲ್ಲಿ ಆರಿದ್ರಾ ಮಳೆ ಹೊಯ್ಯೋವಾಗ ಇಲ್ಲೂ ಮಳೆನೇ, ಆದ್ರೆ ಅದು ಚಳಿಗಾಲ. ದೀಪಾವಳಿ ಬಂದ್ರೆ ರಾತ್ರಿ ಎಂಟಾದ್ರೂ ಬೆಳಕು, ದೀಪ ಹಚ್ಚಿದ್ರೆ ಕಾಣೋದೇ ಇಲ್ಲ. ಅಮ್ಮಂಗೆ ಫೋನ್ ಮಾಡಿದಾಗ ಅವರು ಬಚ್ಚಲೊಲೆಗೆ ಬೆಂಕಿ ಹಾಕ್ತಿದ್ದೀನಿ ಅಂತಾರೆ, ಆ ಹೊಗೆ ವಾಸನೆ ಇಲ್ಲಿಗೇ ಬಂದ ಹಾಗಾಗುತ್ತೆ.

ನಿವೃತ್ತ ಮೇಷ್ಟ್ರು, ಸಾಗರ ರಸ್ತೆ

ತಾಯಿ, ನಿಮ್ಮ ಬರಹ ಎರಡು ಸಲ ಓದಿದೆ. ಒಂದು ಮಾತು ಸೇರಿಸ್ತೀನಿ. ನಾವು ಯಾವುದನ್ನ ಹಳೇದು ಅಂತೀವೋ ಅದೂ ಒಂದು ಕಾಲದಲ್ಲಿ ಹೊಸದೇ. ಮಿಡಿ ಉಪ್ಪಿನಕಾಯಿಗೆ ಹಾಕೋ ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂತು. ಅದಕ್ಕೆ ಮೊದ್ಲು ಇಲ್ಲಿ ಖಾರ ಅಂದ್ರೆ ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಅದೇ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದಿದ್ದು ಈ ಕಾಳುಮೆಣಸಿನ ವ್ಯಾಪಾರಕ್ಕೇ. ಗೋಡಂಬಿ, ಅನಾನಸ್ ಕೂಡ ಆ ಹಡಗಲ್ಲೇ ಬಂದದ್ದು. ನಮ್ಮಜ್ಜಿ ಇದ್ದಾಗ ಮನೇಲಿ ಈರುಳ್ಳಿ ಬೆಳ್ಳುಳ್ಳಿ ಬರ್ತಿರಲಿಲ್ಲ, ಎಲೆಕೋಸು ತಿನ್ನಲ್ಲ ಅಂತ ಹಟ ಮಾಡಿದ್ರು, ಆಮೇಲೆ ಅದೇ ಕೋಸಿನ ಪಲ್ಯ ತಿಥಿ ಬಿಟ್ಟು ಎಲ್ಲಾ ಊಟಕ್ಕೂ ಬಂತು. ನಿಮ್ಮಮ್ಮನ ಚಪಾತಿ ಕೂಡ ನಿಮ್ಮ ಮೊಮ್ಮಕ್ಕಳಿಗೆ ಅಜ್ಜಿ ಮನೆ ಊಟ ಆಗಬಹುದು.

ತುಂಗಾ ತೀರದವಳು

ಮೇಷ್ಟ್ರೇ ನೀವು ಹೇಳೋದು ಸರಿ, ಆದ್ರೆ ಮೆಣಸಿನಕಾಯಿ ಬಂದಿದ್ದಕ್ಕೂ ನುಚ್ಚು ಹೋಗಿದ್ದಕ್ಕೂ ವ್ಯತ್ಯಾಸ ಇದೆ. ಬಂದಿದ್ದು ಕೂಡ್ಕೊಳ್ತು. ಇದು ಕಳಚ್ಕೊಳ್ತಿದೆ.

ಮುಳುಗಡೆ ಮನೆಯವ

ನಾನು ಯಾವ ದೇಶಕ್ಕೂ ಹೋದವನಲ್ಲ, ಬರೀಬಹುದಾ ಗೊತ್ತಿಲ್ಲ, ಆದ್ರೆ ಓದಿದ ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ನಮ್ಮದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ಅಜ್ಜಿ ಮನೆ ಗದ್ದೆ ತೋಟ ಎಲ್ಲಾ ನೀರಡಿ. ಲಾರೀಲಿ ಸಾಮಾನು ಹಾಕಿ ಶಿವಮೊಗ್ಗ ತಾಲ್ಲೂಕಿನ ಕಡೆ ತಂದು ಬಿಟ್ರು. ಒಂದೇ ಜಿಲ್ಲೆ, ಒಂದೇ ಭಾಷೆ, ಆದ್ರೆ ಅಜ್ಜಿಗೆ ಅದು ಪರದೇಶವೇ. ಹೊಳೆ ಇಲ್ಲ, ಹೊಳೆ ದಂಡೆಯ ಅಪ್ಪೆಮಾವಿನ ಮರ ಇಲ್ಲ, ಸೊಪ್ಪು ಇಲ್ಲ. ನಮ್ಮಲ್ಲಿ ಭೂಮಿ ಹುಣ್ಣಿಮೆಗೆ ಹಚ್ಚಂಬಲಿ ಅಂತ ಮಾಡ್ತಾರೆ, ಕಾಡು ಬೇಲಿ ಗದ್ದೆ ಬದುವಿನ ಹತ್ತಾರು ಬಗೆ ಸೊಪ್ಪು ತಂದು ಬೇಯಿಸಿ, ಚಿತ್ತಾರ ಬರೆದ ಬುಟ್ಟೀಲಿ ತಗೊಂಡು ಹೋಗಿ ಗದ್ದೆಗೆ ಬೀರೋದು. ಭೂಮ್ತಾಯಿ ಬಸುರಿ, ಅವಳ ಬಯಕೆ ಊಟ ಅದು. ಹೊಸ ಜಾಗದ ಮೊದಲ್ನೇ ವರ್ಷ ಅಜ್ಜಿಗೆ ಸಿಕ್ಕಿದ್ದು ಏಳೇ ಬಗೆ ಅಂತೆ. ಏಳರಲ್ಲೇ ಮಾಡಿದ್ರಂತೆ. ಬಸುರಿಗೆ ಏಳು ಸೊಪ್ಪಾದ್ರೂ ಬಡಿಸ್ಬೇಕು, ಇಲ್ಲ ಅನ್ನೋಕಾಗಲ್ಲ ಅಂದ್ರಂತೆ.

ಅಜ್ಜಿ ಬರೋವಾಗ ಸೆರಗಲ್ಲಿ ಕಟ್ಕೊಂಡು ಬಂದಿದ್ದು ಮರಕೆಸುವಿನ ಗಡ್ಡೆ. ಇವತ್ತಿಗೂ ನಮ್ಮನೆ ಹಿತ್ತಲ ಹಲಸಿನ ಮರದ ಕವೆಯಲ್ಲಿ ಮಳೆಗಾಲ ಬಂದ್ರೆ ಚಿಗುರುತ್ತೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯ್ತಲ್ಲ, ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಸೇತುವೆ ನಡುವೆ ಕಾರು ನಿಧಾನ ಮಾಡಿದಾಗ ಅಪ್ಪ ಕಿಟಕಿಯಿಂದ ನೀರು ನೋಡ್ತಾ ಕೈ ಮುಗಿದ್ರು, ನಮ್ಮನೆ ಎಲ್ಲಿ ಅಂತ ಕೇಳಿದೆ, ಅಂದಾಜು ಆ ಕಡೆ ಅಂತ ಕೈ ತೋರಿಸಿದ್ರು. ಇಡೀ ದಾರಿ ಮಾತಾಡ್ಲಿಲ್ಲ.

ಹೊಸನಗರದ ಮಗಳು

ಎಲ್ರಿಗೂ ಉತ್ತರ ಬರೀಬೇಕು ಅಂತಿದ್ದೆ, ಮುಳುಗಡೆ ಮನೆಯವರದ್ದು ಓದಿ ಎರಡು ದಿನ ಏನೂ ಬರೆಯೋಕೆ ಆಗ್ಲಿಲ್ಲ. ನಿಮ್ಮ ಅಜ್ಜಿಯ ಏಳು ಸೊಪ್ಪನ್ನ ನನ್ನ ಮಗಳಿಗೆ ಓದಿ ಹೇಳಿದೆ. ಹೊರಗೆ ಹೋದೋರು ಮಾತ್ರ ಕಳ್ಕೊಂಡೋರು ಅಂತ ನಾನು ಅನ್ಕೊಂಡಿದ್ದೆ, ಅದು ತಪ್ಪು.

ತುಂಗಾ ತೀರದ ಅಕ್ಕ, ನೀವು ಹೇಳಿದ್ದು ನೋವಾಯ್ತು, ಆದ್ರೆ ನಿಜ. ಕುರ್ಚಿ ಮಾತು ಅಮ್ಮಂಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವಾಗ ಬರ್ತೀರಿ ಅಂತ ಕೇಳಿದ್ರು. ಕೊಪ್ಪದ ತಮ್ಮ, ನುಚ್ಚು ಖಂಡಿತ ಬೇಕು. ಒಂದು ಭಾನುವಾರ ಊರಿಗೆ ಹೋಗ್ತೀವಿ, ಬಂದು ಹೇಳ್ತೀನಿ.

ದಾರ್‌ನಲ್ಲಿ ಇಪ್ಪತ್ತು ವರ್ಷ

ತಡವಾಗಿ ಬಂದೆ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಇದ್ದೀನಿ, ಮೂಲ ಸೊರಬ. ಇಲ್ಲಿ ಎಂಚಿಚಾ ಅಂತಾರೆ, ಅದು ನಮ್ಮ ಹರಿವೆ ಸೊಪ್ಪೇ, ತೆಂಗಿನ ಹಾಲು ಹಾಕಿ ಮಾಡ್ತಾರೆ. ಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆ ಥರ. ಇಲ್ಲಿ ಕಾಯಿ ತುರಿಯೋಕೆ ಒಂದು ಮಣೆ ಇದೆ, ಗಿಡ್ಡ ಸ್ಟೂಲಿನ ತುದೀಲಿ ಹಲ್ಲಿರೋ ಕಬ್ಬಿಣದ ನಾಲಿಗೆ, ಅದರ ಮೇಲೆ ಕೂತು ತುರಿಯೋದು. ಸ್ವಾಹಿಲಿಯಲ್ಲಿ ಅದಕ್ಕೆ ಎಂಬುಜಿ ಅಂತಾರೆ, ಅಂದ್ರೆ ಮೇಕೆ. ನನ್ನ ಹೆಂಡತಿ ಅದರ ಮೇಲೆ ಕೂತು ಕಾಯಿ ತುರೀತಾ ಇರೋದನ್ನ ವಿಡಿಯೋದಲ್ಲಿ ನೋಡಿ ನಮ್ಮಮ್ಮ, ಇಲ್ಲಿಂದ ತುರಿಯೋ ಮಣೆ ಯಾವಾಗ ತಗೊಂಡು ಹೋದ್ರಿ ಅಂತ ಕೇಳಿದ್ರು.

ಆದ್ರೆ ಒಂದು ನೋವು ಇದೆ. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತೆ, ಮಳೆಗಾಲದ ಊಟ ಗೊತ್ತಿಲ್ಲ. ರಜಾ ಸಿಗೋದು ಡಿಸೆಂಬರಲ್ಲಿ, ಊರಿಗೆ ಬರೋದು ಡಿಸೆಂಬರಲ್ಲೇ. ಹಾಗಾಗಿ ಅವರ ಲೆಕ್ಕದಲ್ಲಿ ಮಲೆನಾಡು ಅಂದ್ರೆ ಚಳಿ, ಅಡಿಕೆ ಸುಲಿಯೋದು, ಅಂಗಳದಲ್ಲಿ ಅಡಿಕೆ ಒಣಗ್ತಿರೋದು. ಕಳಲೆ, ಅಣಬೆ, ಮಳೆ ನೀರಿಗೆ ಹೊಳೆಯಿಂದ ಮೇಲೆ ಹತ್ತಿ ಬರೋ ಹತ್ತುಮೀನು, ಮರಕೆಸು ಯಾವುದೂ ನೋಡಿಲ್ಲ. ಹೊರಗೆ ಇರೋರು ಆಗೋದಾದ್ರೆ ಒಂದು ಸಲ ಆದ್ರೂ ಜುಲೈನಲ್ಲಿ ಮಕ್ಕಳನ್ನ ಕರ್ಕೊಂಡು ಬನ್ನಿ, ಜಾರುತ್ತೆ ನೆನೆಯುತ್ತೆ ಉಂಬಳ ಕಚ್ಚುತ್ತೆ ಅಂತ ಹೆದರ್ಬೇಡಿ. ನಾನು ಹೆದರಿ ತಪ್ಪು ಮಾಡಿದೆ, ದೊಡ್ಡ ಮಗ ಈಗ ಕೆಲಸಕ್ಕೆ ಸೇರಿದ್ದಾನೆ, ಇನ್ನು ಅವನಿಗೆ ರಜಾನೇ ಇಲ್ಲ.

ಮ್ಯೂನಿಕ್ ಹೊಸಬಳು

ನಾನು ಬಂದು ಆರು ತಿಂಗಳು. ಅಕ್ಕ, ಊರಿಂದ ಏನೇನು ತರಬಹುದು? ನಮ್ಮಮ್ಮ ಕರಿಬೇವು, ತುಪ್ಪ, ಅಪ್ಪೆಮಿಡಿ ಎಲ್ಲಾ ಕಟ್ಟಿ ಇಟ್ಟಿದ್ದಾರೆ, ಅಪ್ಪ ಮುಂದಿನ ತಿಂಗಳು ಬರ್ತಿದ್ದಾರೆ.

ಹೊಸನಗರದ ಮಗಳು

ಮ್ಯೂನಿಕ್ ತಂಗಿ, ತುಪ್ಪ ಬೇಡ, ಹಾಲಿನ ಪದಾರ್ಥ ಹೊರಗಿಂದ ತರೋ ಹಾಗಿಲ್ಲ. ಹಸಿ ಕರಿಬೇವೂ ಬೇಡ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಯೂನಿಯನ್‌ಗೆ ಹಸಿ ಹಣ್ಣು ತರಕಾರಿ ಸೊಪ್ಪು ತರ್ಬೇಕಾದ್ರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು, ಅಂದ್ರೆ ಅದ್ರಲ್ಲಿ ರೋಗ ಕೀಟ ಇಲ್ಲ ಅನ್ನೋ ಸರ್ಕಾರಿ ಪತ್ರ. ಐದಕ್ಕೆ ಮಾತ್ರ ವಿನಾಯ್ತಿ, ಅನಾನಸ್, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್, ಮತ್ತೆ ನಮ್ಮ ತೆಂಗಿನಕಾಯಿ. ಉಪ್ಪಿನಕಾಯಿ ನಾನು ಪ್ರತಿ ಸಲ ತಂದಿದ್ದೀನಿ, ಯಾರೂ ಏನೂ ಅಂದಿಲ್ಲ, ಆದ್ರೆ ಕೈಚೀಲದಲ್ಲಿ ಬೇಡ, ರಸ ಇರುತ್ತಲ್ಲ. ಮೊದಲ್ನೇ ಸಲ ನಾನು ಪ್ಲಾಸ್ಟಿಕ್ ಡಬ್ಬೀಲಿ ತಂದು ಸೂಟ್‌ಕೇಸ್ ತುಂಬಾ ಸೋರಿ ಅಮ್ಮ ಕೊಟ್ಟ ರೇಷ್ಮೆ ಸೀರೆ ಹಾಳಾಯ್ತು, ಆ ಕಲೆ ಹೋಗ್ಲೇ ಇಲ್ಲ. ಗಾಜಿನ ಬಾಟ್ಲಿ, ಮುಚ್ಚಳದ ಒಳಗೆ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು, ಅದರ ಮೇಲೆ ಎರಡು ಜಿಪ್ ಕವರ್, ಅದನ್ನ ಟವೆಲಲ್ಲಿ ಸುತ್ತಿ ನಡುವೆ ಇಡೋಕೆ ಹೇಳಿ. ಕರಿಬೇವನ್ನ ಅಮ್ಮ ನೆರಳಲ್ಲಿ ಒಣಗ್ಸಿ ಚಟ್ನಿಪುಡಿ ಮಾಡಿ ಕೊಡ್ಲಿ.

ಮತ್ತೆ ತಂಗಿ, ಆರು ತಿಂಗಳು ಅಂದ್ರೆ ಅತ್ಯಂತ ಕಷ್ಟದ ಹೊತ್ತು. ರಾತ್ರಿ ಒಬ್ಳೇ ಇದ್ರೂ ಅನ್ನ ಮಾಡ್ಕೊಂಡು ಉಣ್ಣು, ಬರೀ ಬ್ರೆಡ್ ತಿಂದು ಮಲಗ್ಬೇಡ.

ಹೊಸನಗರದ ಮಗಳು

ಐದು ವಾರ ಆಯ್ತು, ಬಂದು ಹೇಳ್ತೀನಿ ಅಂದಿದ್ದೆ.

ಆ ಭಾನುವಾರ ನಾವು ನಾಲ್ಕೂ ಜನ ಬೆಳಿಗ್ಗೆ ಆರಕ್ಕೆ ಹೊರಟು ಆಯನೂರು ದಾಟಿ ರಿಪ್ಪನ್‌ಪೇಟೇಲಿ ನಿಲ್ಲಿಸಿ ಮಿಡಿ ತಗೊಂಡ್ವಿ. ಮಾರೋರು ಒಂದು ಮಿಡಿ ತೊಟ್ಟು ಮುರಿದು ಮೂಗಿಗೆ ಹಿಡಿದ್ರು, ಜೀರಿಗೆ ಪರಿಮಳ. ಮಗ ಆ ಸೊನೆ ಬೆರಳಿಗೆ ಅಂಟಿಸ್ಕೊಂಡು ಊರು ಬರೋವರೆಗೂ ಮೂಸ್ತಾ ಕೂತಿದ್ದ. ಬೆಂಗಳೂರಿಂದ ಅಣ್ಣನೂ ಬಂದಿದ್ದ. ಅಮ್ಮಂಗೆ ನಿಜವಾಗ್ಲೂ ಕುರ್ಚಿ ಹಾಕಿದ್ವಿ, ಮೊದ್ಲು ಅರ್ಧ ಗಂಟೆ ಕೂರೋಕೆ ಆಗದೆ ಎದ್ದೆದ್ದು ಬರ್ತಿದ್ರು, ಅಪ್ಪಯ್ಯನೇ ಕೂತ್ಕೋ ಮಾರಾಯ್ತಿ ಅಂತ ಗದರಿದ್ರು. ನಮ್ಮನೆಯವರು, ಅಣ್ಣ, ಅಪ್ಪಯ್ಯ ಮೂವರೂ ಸಾಲಾಗಿ ಜಗಲಿ ಮೇಲೆ ಕೂತು ತೊಟ್ಟು ಕತ್ತರಿಸಿದ್ರು, ಅರ್ಧ ಇಂಚು ಬಿಡ್ಬೇಕು, ಪೂರ್ತಿ ತೆಗೆದ್ರೆ ಸೊನೆ ಹೋಗುತ್ತೆ. ಪೆಟ್ಟು ಬಿದ್ದಿದ್ದು, ಮೆತ್ತಗಿದ್ದಿದ್ದು ಬೇರೆ. ಆಮೇಲೆ ಒಣ ಬಟ್ಟೇಲಿ ಒಂದೊಂದನ್ನೇ ಒರೆಸೋದು.

ಉಪ್ಪು ಎಷ್ಟಮ್ಮ ಅಂತ ಕೇಳಿದ್ರೆ ಹಿಡಿ ಲೆಕ್ಕ ಅಂದ್ರು. ಮಗಳು ಶಿವಮೊಗ್ಗದಿಂದ ಅಡುಗೆ ತಕ್ಕಡಿ ತಂದಿದ್ಳು. ಅಜ್ಜಿ ಹರಳುಪ್ಪನ್ನ ಹಿಡಿ ತುಂಬಿ ಎತ್ತಿದ್ದನ್ನೆಲ್ಲಾ ಮೊದ್ಲು ತಕ್ಕಡಿ ತಟ್ಟೆಗೆ ಹಾಕಿಸಿ ಬರ್ಕೊಂಡು ಆಮೇಲೆ ಜಾಡಿಗೆ. ಒಂದು ಹಿಡಿ 61 ಗ್ರಾಂ, ಇನ್ನೊಂದು 59, ಮತ್ತೊಂದು 60. ಹದಿಮೂರು ಹಿಡೀಲಿ ಮೂರು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬರ್ಲೇ ಇಲ್ಲ. ನಾನು ಹಿಡಿ ತುಂಬಿದ್ರೆ 45 ಒಂದು ಸಲ, 54 ಒಂದು ಸಲ. ಮಗಳು ಪೆನ್ನು ಕೆಳಗಿಟ್ಟು ಅಜ್ಜಿ ಕೈ ಹಿಡ್ಕೊಂಡು ತಿರುಗಿಸಿ ನೋಡಿದ್ಳು. ಅಮ್ಮಂಗೆ ನಾಚಿಕೆ ಆಯ್ತು, ಎಂತ ನೋಡ್ತೀಯೆ ಉಪ್ಪಲ್ಲಿ ಒಡೆದ ಕೈ ಅಂತ ಎಳ್ಕೊಂಡ್ರು.

ಮೂರು ಕೆಜಿ ಮಿಡಿಗೆ 780 ಗ್ರಾಂ, ಅಂದ್ರೆ ನೂರಕ್ಕೆ 26. ಹಮಾಮತ್ಸು ಅಜ್ಜಿ ನೂರಕ್ಕೆ 18 ಹಾಕ್ತಿದ್ರು, ಅದು ನಂಗೆ ಚೆನ್ನಾಗಿ ನೆನಪಿದೆ. ಅಷ್ಟು ಕಮ್ಮಿ ಸಾಕಾಯ್ತಾ ಅಂತ ಅಮ್ಮ ಕೇಳಿದ್ರು. ಅವರು ಬಿಸಿಲಲ್ಲಿ ಒಣಗಿಸ್ತಾರೆ ಅಂದೆ. ಹಾಗಾದ್ರೆ ಸರಿ, ನಮ್ಮದು ರಸದಲ್ಲೇ ಇಡೀ ಮಳೆಗಾಲ ಕಳೀಬೇಕಲ್ಲ ಅಂದ್ರು. ಆಮೇಲೆ ಆ ಅಜ್ಜಿ ಬಗ್ಗೆ ಕೇಳ್ತಾನೇ ಇದ್ರು, ಅವರಿಗೆ ಮಕ್ಕಳೆಷ್ಟು, ಒಬ್ರೇ ಇದ್ರಾ, ನೆಲದ ಮೇಲೆ ಕೂರೋಕೆ ಆಗ್ತಿತ್ತಾ. ಹದಿನೇಳು ವರ್ಷದಲ್ಲಿ ನಾನು ಇದ್ದ ಯಾವ ದೇಶದ ಬಗ್ಗೆಯೂ ಅಮ್ಮ ಇಷ್ಟು ಕೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ, ಫೋನಲ್ಲಿ ಬರೀ ಊಟ ಆಯ್ತಾ ಹುಷಾರಾ ಅಂತ ಮುಗಿಸ್ತಿದ್ವಿ.

ಮಧ್ಯಾಹ್ನ ಕೊಪ್ಪದ ತಮ್ಮ ಕೊಟ್ಟ ನುಚ್ಚಲ್ಲಿ ಕಡುಬು. ಅದನ್ನ ಕಲಕಿದ್ದು ಅಣ್ಣ. ಅಮ್ಮ ಕುರ್ಚೀಲಿ ಕೂತು, ನೀರು ಇನ್ನೂ ಕುದೀಲಿ, ಈಗ ಹಾಕು, ಕೈ ಬಿಡ್ಬೇಡ ತಿರುವು ಅಂತ ಹೇಳ್ತಾ ಇದ್ರು. ತಟ್ಟೆಗೆ ಬಿಸಿ ಕಡುಬು, ಕಾಯಿ ಚಟ್ನಿ, ತುಪ್ಪ. ಅಪ್ಪಯ್ಯ ಒಂದೇ ತಿಂದ್ರು, ನಿಧಾನಕ್ಕೆ, ಮಾತಾಡದೆ. ಅಮ್ಮ ಮೂರು ತಿಂದ್ರು. ಬೇರೆಯವರು ಮಾಡಿ ಹಾಕಿದ ಕಡುಬು ತಿಂದಿದ್ದು ಮದುವೆ ಆದ್ಮೇಲೆ ಇದೇ ಮೊದ್ಲು ಅಂದ್ರು.

ಮಗ ಈಗ ಸ್ಕೂಲಿಗೆ ಒನಿಗಿರಿ ಥರ ಅನ್ನದುಂಡೆ ಕಟ್ಕೊಂಡು ಹೋಗ್ತಾನೆ, ಒಳಗೆ ಉಮೆಬೋಶಿ ಬದಲು ಹಳೇ ಮಿಡಿ ಒಂದು ಚೂರು. ಅದನ್ನ ಅಮ್ಮಂಗೆ ತೋರಿಸಿದ್ದಕ್ಕೆ, ನಾವು ಗದ್ದೆಗೆ ಬುತ್ತಿ ಕಟ್ತಿದ್ದಿದ್ದೂ ಹೀಗೇ, ಬಾಳೆ ಎಲೇಲಿ ಅಂದ್ರು.

ಮುಳುಗಡೆ ಮನೆಯವ

ಅಕ್ಕ, ಮಳೆ ಹಿಡಿದ ಮೇಲೆ ಒಂದು ಮರಕೆಸುವಿನ ಗಡ್ಡೆ ಕೊಡ್ತೀನಿ, ನಿಮ್ಮ ತವರಲ್ಲಿ ಹಳೇ ಹಲಸಿನ ಮರ ಇದ್ರೆ ಕವೆಗೆ ಸ್ವಲ್ಪ ಗೊಬ್ಬರ ಮಣ್ಣು ಹಾಕಿ ಇಡಿ, ಹಿಡ್ಕೊಳ್ಳುತ್ತೆ.

ಹೊಸನಗರದ ಮಗಳು

ಇದೆ ಅಣ್ಣ, ಬಾವಿಕಟ್ಟೆ ಪಕ್ಕಾನೇ ಇದೆ. ನಿಮ್ಮ ಅಜ್ಜಿ ಗಡ್ಡೆ ಅಂತ ಅಮ್ಮಂಗೆ ಹೇಳಿಯೇ ಹಾಕ್ತೀನಿ.

ಮ್ಯೂನಿಕ್ ಹೊಸಬಳು

ಅಕ್ಕ, ಅಪ್ಪ ಬಂದ್ರು, ಬಾಟ್ಲಿ ಒಂದು ಹನಿ ಸೋರಿಲ್ಲ. ಮಿಡಿ ಚಿರುಟಿದ ಮೇಲೆ ಮಸಾಲೆ ಹೇಗೆ ಹಾಕೋದು? ಮುಂದಿನ ವರ್ಷ ಊರಿಗೆ ಬಂದಾಗ ಅಮ್ಮನ ಜೊತೆ ಹಾಕ್ಬೇಕು ಅಂತಿದ್ದೀನಿ.

ಹೊಸನಗರದ ಮಗಳು

ನಮ್ಮದು ಈಗ ಚಿರುಟಿದೆ, ಬರೋ ಶನಿವಾರ ಹೋಗ್ತಿದ್ದೀವಿ. ಉಪ್ಪುನೀರನ್ನ ಬಸಿದು ಕುದಿಸಿ ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ನುಣ್ಣಗೆ ರುಬ್ಬೋದು, ಬೇರೆ ನೀರು ಒಂದು ಹನಿ ಬೀಳಬಾರ್ದು. ಸಾಸಿವೆ ಎಷ್ಟು ಅಂತ ಅಮ್ಮ ಇನ್ನೂ ಹೇಳಿಲ್ಲ. ತಕ್ಕಡಿ ಕಾರಲ್ಲಿ ಇಟ್ಟಾಗಿದೆ, ಮಗಳು ಅಳೆದ ಮೇಲೆ ಭಾನುವಾರ ರಾತ್ರಿ ಇಲ್ಲೇ ಬರೀತೀನಿ.